ಜುಲೈ 2ರ ತಕರಾರು

"ಸಂಪಾದಕರೇ, ನಿಮ್ಮ 'ಈ ದಿನ' ಅಂಕಣದಲ್ಲಿ ಜುಲೈ 2ರ ಎದುರಿಗೆ 'ಅಮೆರಿಕದ ಸ್ವಾತಂತ್ರ್ಯ ತೀರ್ಮಾನ, 1776' ಎಂದು ಹಾಕಿದ್ದೀರಿ. ಬಹಳ ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಅದು ಜುಲೈ 4 ಅಂತ ಮಕ್ಕಳಿಗೂ ಗೊತ್ತು. ಅದರ ಕೆಳಗೆ ಅಧ್ಯಕ್ಷರಿಗೆ ಗುಂಡೇಟು, ವಿಮಾನ ನಾಪತ್ತೆ, ನಾಗರಿಕ ಹಕ್ಕು ಕಾಯ್ದೆ ಅಂತ ಏನೇನೋ ಇದೆ. ಒಂದೇ ತಾರೀಖು ಅನ್ನೋದು ಬಿಟ್ಟರೆ ಇವಕ್ಕೆಲ್ಲ ಏನು ಸಂಬಂಧ? ಜಾಗ ತುಂಬಿಸೋಕಾ?"
– ನಿವೃತ್ತ ಶಿಕ್ಷಕರು, ತುಮಕೂರು ಜಿಲ್ಲೆ

ಮೇಷ್ಟ್ರೇ, ನಮಸ್ಕಾರ.

ಜುಲೈ 2 ಅಚ್ಚಿನ ತಪ್ಪಲ್ಲ, ಬೇಕೆಂದೇ ಹಾಕಿದ್ದು. ಬ್ರಿಟನ್ನಿನಿಂದ ಬೇರೆಯಾಗುವ ಠರಾವಿಗೆ ಫಿಲಡೆಲ್ಫಿಯಾದಲ್ಲಿ ಸೇರಿದ್ದ ವಸಾಹತುಗಳ ಪ್ರತಿನಿಧಿ ಸಭೆ, ಅಂದರೆ ಕಾಂಟಿನೆಂಟಲ್ ಕಾಂಗ್ರೆಸ್, ಮತ ಹಾಕಿದ್ದು 1776ರ ಜುಲೈ 2ರಂದೇ. ನಾಲ್ಕನೇ ತಾರೀಖು ಆಗಿದ್ದು, ಆ ತೀರ್ಮಾನವನ್ನು ಜಗತ್ತಿಗೆ ಸಾರುವ ಬರಹಕ್ಕೆ ಒಪ್ಪಿಗೆ. ಜಾನ್ ಡನ್‌ಲ್ಯಾಪ್ ಎಂಬ ಮುದ್ರಕ ಆ ರಾತ್ರಿಯೇ ಅಚ್ಚಿಗೆ ಕೂತ. ಹಾಳೆಯ ತಲೆಯ ಮೇಲೆ ಜುಲೈ 4 ಎಂದಿತ್ತು. ಊರೂರಿಗೆ ಹೋಗಿದ್ದು ಆ ಹಾಳೆ, ಹಾಗಾಗಿ ಆ ತಾರೀಖೇ ನಿಂತುಬಿಟ್ಟಿತು. ತಾಳಿ ಕಟ್ಟಿದ್ದು ಒಂದು ದಿನ, ಮದುವೆ ಸರ್ಟಿಫಿಕೇಟಿನಲ್ಲಿ ಇರೋದು ಇನ್ನೊಂದು ದಿನ ಅನ್ನೋ ಹಾಗೆ. ಸಹಿಗಳಂತೂ ಇನ್ನೂ ತಡ. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ಕ್ಕೆ.

ಎರಡನೇ ತಾರೀಖಿನ ಮತದಾನ ಸುಲಭಕ್ಕೆ ಮುಗಿದದ್ದೇನಲ್ಲ. 13 ವಸಾಹತುಗಳು, ಒಂದಕ್ಕೆ ಒಂದು ಮತ. ಹಿಂದಿನ ದಿನ ಒಲವು ತಿಳಿಯಲು ಮತ ಹಾಕಿಸಿದಾಗ ಒಂಬತ್ತು ಮಾತ್ರ ಪರವಾಗಿದ್ದವು. ಪೆನ್ಸಿಲ್ವೇನಿಯಾ ಮತ್ತು ದಕ್ಷಿಣ ಕ್ಯಾರೊಲಿನಾ ಬೇಡ ಅಂದವು. ನ್ಯೂಯಾರ್ಕಿನವರಿಗೆ ಊರಿಂದ ಅಪ್ಪಣೆ ಬಂದಿರಲಿಲ್ಲ, ಸುಮ್ನೆ ಕೂತರು. ಡೆಲವೇರ್‌ನಿಂದ ಬಂದಿದ್ದ ಇಬ್ಬರಲ್ಲಿ ಒಬ್ಬ ಹೌದು ಅಂದರೆ ಇನ್ನೊಬ್ಬ ಇಲ್ಲ ಅಂದ. ಅಲ್ಲಿನ ಮೂರನೆಯ ಸದಸ್ಯ ಸೀಸರ್ ರಾಡ್ನಿ ಊರಿನಲ್ಲೇ ಉಳಿದಿದ್ದ. ಉಬ್ಬಸದ ಮನುಷ್ಯ, ಮುಖದಲ್ಲಿ ಕ್ಯಾನ್ಸರ್ ಬೇರೆ. ಬಾ ಅಂತ ಸುದ್ದಿ ಹೋದದ್ದೇ, ಗುಡುಗು ಮಳೆಯಲ್ಲಿ ರಾತ್ರಿಯಿಡೀ ಸುಮಾರು 130 ಕಿಲೋಮೀಟರ್ ದಾರಿ ಸವೆಸಿ ಸಭೆಗೆ ಬಂದು ಮತ ಹಾಕಿದ. ಪೆನ್ಸಿಲ್ವೇನಿಯಾದ ಇಬ್ಬರು ವಿರೋಧಿಗಳು ಬೇಕೆಂದೇ ದೂರ ಉಳಿದರು. ದಕ್ಷಿಣ ಕ್ಯಾರೊಲಿನಾ ಮನಸ್ಸು ಬದಲಾಯಿಸಿತು. ಕೊನೆಗೆ ಪರವಾಗಿ 12, ವಿರುದ್ಧ ಒಂದೂ ಇಲ್ಲ. ನ್ಯೂಯಾರ್ಕ್ ಒಪ್ಪಿದ್ದು ಜುಲೈ 9ಕ್ಕೆ.

ಮಾರನೇ ದಿನ ಆ ಸಭೆಯ ಸದಸ್ಯ ಜಾನ್ ಆಡಮ್ಸ್ ತನ್ನ ಹೆಂಡತಿ ಅಬಿಗೇಲ್‌ಗೆ ಬರೆದ ಕಾಗದದಲ್ಲಿ, ಮುಂದಿನ ತಲೆಮಾರುಗಳು ಜುಲೈ 2ನ್ನು ಗಂಟೆ, ಗುಂಡು, ಆಟ, ದೀಪಗಳಿಂದ ದೊಡ್ಡ ಹಬ್ಬವಾಗಿ ಮಾಡುತ್ತವೆ ಎಂದಿದ್ದ. ಹಬ್ಬದ ಲೆಕ್ಕ ಸರಿಯಾಯಿತು, ತಾರೀಖು ಎರಡು ದಿನ ಜಾರಿತು. ಇದರಲ್ಲೊಂದು ತಮಾಷೆಯೂ ಇದೆ. 1777ರಲ್ಲಿ ಮೊದಲ ವರ್ಷದ ಆಚರಣೆ ಮಾಡಬೇಕೆಂದು ಸಭೆಯವರಿಗೆ ಹೊಳೆದದ್ದೇ ಜುಲೈ 2ಕ್ಕೆ, ಬಾಯಿಬಿಟ್ಟು ಹೇಳಿದ್ದು ಮೂರಕ್ಕೆ ಅಂತ ಆಡಮ್ಸ್ ಮಗಳಿಗೆ ಬರೆದಿದ್ದಾನೆ. ಇನ್ನು ಎರಡನೇ ತಾರೀಖನ್ನು ಆಚರಿಸೋದು ಎಲ್ಲಿಂದ ಬಂತು!

ಇನ್ನು ಸಂಬಂಧದ ಪ್ರಶ್ನೆ. ಕೆಲವಕ್ಕೆ ಏನೂ ಇಲ್ಲ, ನೀವು ಹೇಳಿದ್ದು ನಿಜ. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹಾರಿಸಿದ ಗಿಟೋ, ಸರ್ಕಾರಿ ಹುದ್ದೆ ಸಿಗಲಿಲ್ಲ ಅಂತ ಕೊತಕೊತ ಕುದಿಯುತ್ತಿದ್ದವನು. ಅದಕ್ಕೂ 1776ಕ್ಕೂ ನಂಟಿಲ್ಲ. 1937ರಲ್ಲಿ ವಿಮಾನ ಚಾಲಕಿ ಅಮೆಲಿಯಾ ಇಯರ್‌ಹಾರ್ಟ್ ಪೆಸಿಫಿಕ್ ಮೇಲೆ ಕಣ್ಮರೆಯಾದದ್ದಕ್ಕೂ ಅಷ್ಟೇ. ಆದರೂ ಅದರಲ್ಲೊಂದು ವಿಚಿತ್ರ ಇದೆ. ನ್ಯೂಗಿನಿಯ ಲೇ ಪಟ್ಟಣದಿಂದ ಅವರು ಹೊರಟಾಗ ಅಲ್ಲಿ ಜುಲೈ 2ರ ಬೆಳಿಗ್ಗೆ ಹತ್ತು ಗಂಟೆ. ಇಪ್ಪತ್ತು ಗಂಟೆ ಹಾರಿದ ಮೇಲೆ ಕಡೆಯ ರೇಡಿಯೋ ಮಾತು ಹೌಲೆಂಡ್ ದ್ವೀಪದ ಬಳಿಯ ಹಡಗಿಗೆ ಕೇಳಿಸಿದಾಗ, ಅಲ್ಲಿ ಮತ್ತೆ ಜುಲೈ 2ರ ಬೆಳಿಗ್ಗೆ 8.43! ನಡುವೆ, ಪೂರ್ವಕ್ಕೆ ದಾಟಿದರೆ ತಾರೀಖು ಒಂದು ದಿನ ಹಿಂದಾಗುವ ದಿನಾಂಕ ರೇಖೆ ದಾಟಿದ್ದರು.

ಆದರೆ 1964ರ ನಾಗರಿಕ ಹಕ್ಕು ಕಾಯ್ದೆಯದ್ದು ಬೇರೆ ಮಾತು. 1776ರ ಜುಲೈ 2ರಂದು ಮತದಾನ ಮುಗಿದ ಮೇಲೆ ಅದೇ ಸಭೆ, ಸ್ವಾತಂತ್ರ್ಯ ಸಾರುವ ಬರಹಕ್ಕೆ ಜೆಫರ್ಸನ್ ಬರೆದಿದ್ದ ಕರಡನ್ನು ತಿದ್ದಲು ಕೂತಿತು. ಗುಲಾಮರ ವ್ಯಾಪಾರವನ್ನು ಖಂಡಿಸಿದ್ದ ಒಂದು ಇಡೀ ಪ್ಯಾರಾವನ್ನು ಆ ಎರಡು-ಮೂರು ದಿನಗಳಲ್ಲಿ ಹೊಡೆದುಹಾಕಿದರು. ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾಗಳನ್ನು ಮೆಚ್ಚಿಸೋಕೆ ಅಂತ ಜೆಫರ್ಸನ್ ಆಮೇಲೆ ಬರೆದುಕೊಂಡ. (ಅವನ ಮನೆಯಲ್ಲೂ ಗುಲಾಮರಿದ್ದರು ಅನ್ನೋದು ಬೇರೆ ವಿಷಯ.) ಅವತ್ತು ಪಕ್ಕಕ್ಕಿಟ್ಟ ಕೆಲಸದ ಒಂದು ಭಾಗ ಮತ್ತೆ ಮೇಜಿಗೆ ಬಂದದ್ದು 188 ವರ್ಷದ ಮೇಲೆ. ಸೆನೆಟ್‌ನಲ್ಲಿ ವಿರೋಧಿಗಳು 60 ಕೆಲಸದ ದಿನ ಮಾತಾಡಿ ಮಾತಾಡಿಯೇ ಕಾಯ್ದೆಯನ್ನು ತಡೆದರು. ಜೂನ್ 10ಕ್ಕೆ 71–29 ಮತದಿಂದ ಅವರ ಬಾಯಿ ಕಟ್ಟಿಸಬೇಕಾಯಿತು. ಜುಲೈ 2ರಂದು ಪ್ರತಿನಿಧಿ ಸಭೆ 289–126ರಲ್ಲಿ ಒಪ್ಪಿತು. ಆ ಸಂಜೆಯೇ ಶ್ವೇತಭವನದಲ್ಲಿ, ಟಿವಿ ಕ್ಯಾಮೆರಾಗಳ ಮುಂದೆ, ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. 70ಕ್ಕೂ ಜಾಸ್ತಿ ಪೆನ್ನು ಬಳಸಿ, ಒಂದೊಂದನ್ನೂ ಹಂಚಿದರು. ಒಂದು ಮಾರ್ಟಿನ್ ಲೂಥರ್ ಕಿಂಗ್ ಕೈಗೆ ಹೋಯಿತು. ಹೋಟೆಲು, ಸಿನಿಮಾ ಮಂದಿರಗಳಲ್ಲಿ ಕರಿಯರನ್ನು ಬಾಗಿಲಲ್ಲೇ ತಡೆಯುವುದು ಕಾನೂನುಬಾಹಿರವಾಯಿತು. ಜಾನ್ಸನ್ ಭಾಷಣ ಶುರುಮಾಡಿದ್ದೂ 1776ರಿಂದಲೇ. "188 ವರ್ಷದ ಹಿಂದೆ ಈ ವಾರ" ಅಂದರು. 'ಈ ದಿನ' ಅನ್ನಬಹುದಿತ್ತು, ಅಲ್ವಾ?

ನಮಗೆ ಹತ್ತಿರದ್ದೊಂದು ಪಟ್ಟಿಯಲ್ಲಿ ಇರಲಿಲ್ಲ, ಇಲ್ಲಿ ಹೇಳಿಬಿಡುತ್ತೇನೆ. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವ ಇಲ್ಲ ಅಂತ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನು ಬದಲಿಸಿದ ಲೂಸ್–ಸೆಲರ್ ಕಾಯ್ದೆಗೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1946ರ ಜುಲೈ 2ರಂದು. ವಲಸೆಗೆ ಕೊಟ್ಟ ಕೋಟಾ ಇಡೀ ಭಾರತಕ್ಕೆ ವರ್ಷಕ್ಕೆ 100! ಬಾಗಿಲು ಸರಿಯಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಇವತ್ತು ಅಲ್ಲಿರುವ ನಮ್ಮ ಕನ್ನಡದವರಲ್ಲಿ ಹೆಚ್ಚಿನವರು ಹೋದದ್ದು ಅದಾದ ಮೇಲೆಯೇ. ಆದರೂ 1946ರ ಆ ಕಿಂಡಿಯಿಂದಲೇ ಪಂಜಾಬಿನಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾದರು, 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಪ್ರತಿನಿಧಿ ಸಭೆಗೆ ಗೆದ್ದರು.

ಮುಂದಿನ ಜುಲೈನಲ್ಲಿ ಗಾರ್ಫೀಲ್ಡ್ ಸಾಲು ತೆಗೆದು ಈ ಕಾಯ್ದೆಯನ್ನು ಹಾಕುತ್ತೇವೆ. ವಿಮಾನದ್ದು ಮಾತ್ರ ಇರಲಿ ಮೇಷ್ಟ್ರೇ, ಅದು ನನಗಿಷ್ಟ.

– ಸಂಪಾದಕ