ಸಿಟ್ಟು ಎಲ್ಲರಿಗೂ ಇದೆ, ಬೀದಿಗೆ ಮಾತ್ರ ಯಾರೂ ಬರುವುದಿಲ್ಲ. ಹಾಗಾದರೆ ಚಳವಳಿ ಹುಟ್ಟುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಬಡಾವಣೆಯ ರಾಜಕಾಲುವೆ ಗಬ್ಬು ನಾರುತ್ತಿದೆ, ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಬೆಂಕಿ ಕಾರುತ್ತಾರೆ, ಭಾನುವಾರ ಸಭೆ ಕರೆದರೆ ಬಂದವರು ನಾಲ್ಕೇ ಜನ, ಇದಕ್ಕೆ ಸಮಾಜಶಾಸ್ತ್ರ ಏನು ಹೇಳುತ್ತದೆ ಎಂದು ಕೇಳಿದ್ದೀರಿ. ನಮ್ಮ ರಸ್ತೆಯಲ್ಲೂ ಥೇಟ್ ಹೀಗೇ ಆಗಿತ್ತು. ನಮ್ಮ ಸಭೆಗೆ ಐದು ಜನ. ಅದರಲ್ಲಿ ಒಬ್ಬರು ಸಭೆ ನಡೆದ ಮನೆಯವರೇ.

ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಈಗ ಹೊಟ್ಟೆಪಾಡಿಗೆ ಬೇರೆ ಕೆಲಸ. ಓದಿದ್ದರಲ್ಲಿ ಇಷ್ಟು ವರ್ಷಗಳ ಮೇಲೂ ನೆನಪಿರುವುದನ್ನು, ಬೆಂಗಳೂರಲ್ಲಿ ಕಂಡದ್ದರ ಜೊತೆ ಸೇರಿಸಿ ಹೇಳುತ್ತೇನೆ.

ಹಳೆಯ ವಾದ ಒಂದಿದೆ. ಜನ ಬಯಸಿದ್ದಕ್ಕೂ ಅವರಿಗೆ ಸಿಕ್ಕಿದ್ದಕ್ಕೂ ನಡುವಿನ ಅಂತರ ಬೆಳೆದಾಗ ಸಿಟ್ಟು ಕಟ್ಟೆ ಒಡೆಯುತ್ತದೆ ಎಂದು. 1970ರಲ್ಲಿ ಟೆಡ್ ಗರ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞ ಇದನ್ನು ದೊಡ್ಡದಾಗಿ ಬರೆದ. ಕೇಳೋಕೆ ಸರಿ ಅನಿಸುತ್ತದೆ. ಆದರೆ ಇದೊಂದೇ ಸಾಕಾಗಿದ್ದರೆ ದಿನಾ ಸಂಜೆ ಟ್ರಾಫಿಕ್ ಜಾಮಿಗೆ ಹೆಸರಾದ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಂಗೆ ಏಳಬೇಕಿತ್ತು, ಅಲ್ವಾ?

ನಿಮ್ಮ ನಾಲ್ಕು ಜನರ ಸಭೆಯನ್ನು ಸರಿಯಾಗಿ ವಿವರಿಸುವವನು ಮ್ಯಾಂಕರ್ ಓಲ್ಸನ್, ಅರ್ಥಶಾಸ್ತ್ರಜ್ಞ. 1965ರಲ್ಲಿ ಅವನು ಹೇಳಿದ್ದು ಇಷ್ಟು: ಕಾಲುವೆ ಸ್ವಚ್ಛವಾದರೆ ಹೋರಾಡಿದವರಿಗೂ ಲಾಭ, ಮನೆಯಲ್ಲಿ ಮಲಗಿದವರಿಗೂ ಅಷ್ಟೇ ಲಾಭ. ಹಾಗಿದ್ದ ಮೇಲೆ ಭಾನುವಾರದ ನಿದ್ದೆ ಯಾಕೆ ಕೆಡಿಸಿಕೊಳ್ಳಬೇಕು? ರಾಜ ತೊಟ್ಟಿಗೆ ಒಂದೊಂದು ಚೊಂಬು ಹಾಲು ಸುರಿಯಿರಿ ಅಂದಾಗ, ಬೇರೆಯವರು ಹಾಲು ತರುತ್ತಾರೆ ಅಂದುಕೊಂಡು ಎಲ್ಲರೂ ನೀರು ಸುರಿದ ಕತೆ ಕೇಳಿದ್ದೀರಲ್ಲ, ಅದೇ ಇದು. ನಿಮ್ಮ ನೆರೆಹೊರೆಯವರು ಕೆಟ್ಟವರಲ್ಲ. ಲೆಕ್ಕ ಬಲ್ಲವರು.

ಹಾಗಿದ್ದರೂ ಕೆಲವೊಮ್ಮೆ ಜನ ಲೆಕ್ಕ ಮರೆತು ಎದ್ದುಬಿಡುತ್ತಾರೆ. 2016ರ ಏಪ್ರಿಲ್ 18 ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೊಮ್ಮನಹಳ್ಳಿ ಹತ್ತಿರ ಬಸ್ಸು ನಿಂತಿತು. ಇಳಿದು ನೋಡಿದರೆ ಹೊಸೂರು ರಸ್ತೆಯ ತುಂಬಾ ಹೆಂಗಸರು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಊಟದ ಬ್ಯಾಗು. ಎಲ್ಲಾ ಗಾರ್ಮೆಂಟ್ಸ್‌ನವರು. ಅದೇ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಕೆಲಸ ಬಿಟ್ಟರೂ ಕಂಪನಿ ಕಟ್ಟಿದ ಪಾಲು 58 ವರ್ಷ ಆಗುವವರೆಗೆ ಕೈಗೆ ಸಿಗುವುದಿಲ್ಲ ಎಂದು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರು ಹೊಲಿಯುತ್ತಾರೆ? ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಆ ಗಂಟಿನಲ್ಲಿ ಸಾಲ ತೀರಿಸುವುದು, ಮಗಳ ಮದುವೆ ಮಾಡುವುದು ಅಲ್ಲಿಯ ವಾಡಿಕೆ. ಮರುದಿನ ಪೀಣ್ಯದ ಕಡೆಗೂ ಹಬ್ಬಿತು. ಲಾಠಿ, ಅಶ್ರುವಾಯು ಎಲ್ಲಾ ಆಯಿತು, ಹೆಬ್ಬಗೋಡಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. 19ರ ಸಂಜೆಗೆ ಸರ್ಕಾರ ಆ ಅಧಿಸೂಚನೆಯನ್ನೇ ವಾಪಸ್ ತೆಗೆದುಕೊಂಡಿತು. ಎರಡೇ ದಿನ! ದೇಶದ ಪಿಎಫ್ ಇರುವ ನೌಕರರೆಲ್ಲರಿಗೂ, ಎಸಿ ರೂಮಿನಲ್ಲಿ ಕೂತ ನಮ್ಮಂಥವರಿಗೂ ಸೇರಿಸಿ, ಆ ಹೆಂಗಸರು ಹಣ ಉಳಿಸಿಕೊಟ್ಟರು. ನಾವಾದರೋ ಟ್ರಾಫಿಕ್ ಜಾಮ್ ಆಯಿತು ಅಂತ ಗೊಣಗಿದೆವು.

ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಅಕ್ಕ ಆಗ ಟೈಲರ್ ಆಗಿದ್ದರು. ಯಾರಕ್ಕಾ ಕರೆದದ್ದು ಎಂದು ಆಮೇಲೆ ಕೇಳಿದೆ. "ಯಾರೂ ಕರೀಲಿಲ್ಲಪ್ಪ. ಪಕ್ಕದ ಮಿಷಿನ್‌ನವಳು ಎದ್ದಳು. ಅವಳು ಎದ್ದ ಮೇಲೆ ನಾನು ಕೂತಿರೋಕಾಗುತ್ತಾ?" ಅಂದರು.

ಇಡೀ ಶಾಸ್ತ್ರದಲ್ಲಿ ನನಗೆ ಅತ್ಯಂತ ನಿಜ ಅನಿಸುವ ಮಾತು ಇದೇ. ಡಗ್ ಮ್ಯಾಕ್‌ಆಡಂ ಎಂಬ ಸಮಾಜಶಾಸ್ತ್ರಜ್ಞ ಇದನ್ನು ಅಮೆರಿಕದಲ್ಲಿ ಅಳೆದು ತೋರಿಸಿದ. 1964ರ ಬೇಸಿಗೆಯಲ್ಲಿ ಮಿಸಿಸಿಪಿಯ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಕಾಲೇಜು ಹುಡುಗರು ಅರ್ಜಿ ಹಾಕಿದರು. ಜೀವಕ್ಕೇ ಅಪಾಯ ಇದ್ದ ಕೆಲಸ. ಆಯ್ಕೆಯಾದವರಲ್ಲಿ ಮುಕ್ಕಾಲು ಪಾಲು ಹೋದರು, ಕಾಲು ಪಾಲು ಹಿಂದೆ ಸರಿದರು. ಮ್ಯಾಕ್‌ಆಡಂ ಆಮೇಲೆ ಆ ಅರ್ಜಿಗಳನ್ನೇ ಹುಡುಕಿ ತೆಗೆದು ಹೋಲಿಸಿದ. ನಂಬಿಕೆ, ಆದರ್ಶ ಎರಡೂ ಕಡೆಯವರಲ್ಲಿ ಹೆಚ್ಚುಕಡಿಮೆ ಒಂದೇ. ಹೋದವರಿಗೆ ಸಂಘಸಂಸ್ಥೆಗಳ ನಂಟು ಜಾಸ್ತಿ ಇತ್ತು, ಹೊರಟವರ ಪೈಕಿ ಆಪ್ತ ಗೆಳೆಯರು ಇದ್ದರು. ಅಂದರೆ ಪಕ್ಕದ ಮಿಷಿನ್‌ನವಳು ಇದ್ದಳು.

ದುಡ್ಡು, ಕಚೇರಿ, ಪೂರ್ತಿ ಹೊತ್ತು ಓಡಾಡುವ ಜನ ಇಲ್ಲದೆ ಚಳವಳಿ ನಿಲ್ಲದು ಎನ್ನುವವರೂ ಇದ್ದಾರೆ. ಸಮಾಜಶಾಸ್ತ್ರಜ್ಞರಾದ ಜಾನ್ ಮೆಕಾರ್ಥಿ ಮತ್ತು ಮೇಯರ್ ಝಾಲ್ಡ್ ಅದೇ ವಾದದವರು. ಅದಕ್ಕೂ ಗಾರ್ಮೆಂಟ್ಸ್‌ನವರು ಎದ್ದ ಅದೇ 2016ರ ಬೆಂಗಳೂರು ಸಾಕ್ಷಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು, 800ಕ್ಕೂ ಹೆಚ್ಚು ಮರಗಳಿಗೆ ಕೊಡಲಿ ಬೀಳುವುದರಲ್ಲಿತ್ತು. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆ ಪಕ್ಕ ಕೈ ಕೈ ಹಿಡಿದು ನಿಂತರು. ಅಲ್ಲಿ ವಕೀಲರಿದ್ದರು, ವಾಸ್ತುಶಿಲ್ಪಿಗಳಿದ್ದರು, ಪತ್ರಿಕೆಗಳಿಗೆ ಫೋನ್ ಮಾಡಬಲ್ಲವರಿದ್ದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಸಮಾಜಶಾಸ್ತ್ರಜ್ಞ ಡೇವಿಡ್ ಸ್ನೋ ಮತ್ತವರ ಜೊತೆಗಾರರು ಹೇಳುವ ಇನ್ನೊಂದು ವಿಷಯವೂ ಅಲ್ಲಿತ್ತು: ತಪ್ಪು ಏನು, ಏನಾಗಬೇಕು, ನಾನು ಯಾಕೆ ಬರಬೇಕು ಎನ್ನುವುದನ್ನು ಒಂದೇ ಉಸಿರಿಗೆ ಹೇಳುವಂತಿರಬೇಕು. ಸೇತುವೆ ವಿರೋಧಿಸಿದವರು ಆರಿಸಿಕೊಂಡದ್ದು 'ಬೇಡ' ಎಂಬ ಒಂದೇ ಪದ. ಕನ್ನಡ ಬಾರದವರೂ ಅವತ್ತು ಅದೊಂದನ್ನು ಚೆನ್ನಾಗಿ ಕೂಗಿದರು!

ಹೊತ್ತೂ ಕೂಡಿಬರಬೇಕು. ಗಾರ್ಮೆಂಟ್ಸ್‌ನವರು ಎದ್ದಾಗ ಬಂಗಾಳ, ತಮಿಳುನಾಡು, ಕೇರಳದಲ್ಲಿ ಚುನಾವಣೆಯ ಕಾಲ. ಸೇತುವೆ ಕೈಬಿಟ್ಟಾಗ ನಮ್ಮ ವಿಧಾನಸಭೆ ಚುನಾವಣೆಗೆ ಸುಮಾರು ಒಂದು ವರ್ಷ. ಅದರಿಂದಲೇ ಮಣಿದರು ಎನ್ನುವುದು ನನ್ನ ಊಹೆ, ಅಷ್ಟೇ.

ಗೆದ್ದ ಮೇಲೆ ಏನಾಯಿತು ಎನ್ನುವುದನ್ನು ಜನ ಕೇಳುವುದೇ ಇಲ್ಲ. ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ ಅಮೆರಿಕದ 53 ಹೋರಾಟದ ಗುಂಪುಗಳ ಚರಿತ್ರೆ ನೋಡಿ ಗೆಲುವನ್ನು ಎರಡಾಗಿ ಬಿಡಿಸಿದ: ಕೇಳಿದ್ದು ಸಿಗುವುದು ಒಂದು, ನಿಮ್ಮನ್ನು ಮಾತುಕತೆಗೆ ಲಾಯಕ್ಕಾದವರು ಎಂದು ಒಪ್ಪುವುದು ಇನ್ನೊಂದು. ಗಾರ್ಮೆಂಟ್ಸ್ ಹೆಂಗಸರಿಗೆ ಮೊದಲನೆಯದು ಸಿಕ್ಕಿತು. ಎರಡನೆಯದು ಸಿಗಲಿಲ್ಲ. ಮೂರನೇ ದಿನ ಅದೇ ಲೈನು, ಅದೇ ಸೂಪರ್‌ವೈಸರ್. ಅವರ ಹೆಸರಲ್ಲಿ ಮೇಜಿನ ಮುಂದೆ ಕೂರಲು ಒಂದು ಗಟ್ಟಿ ಸಂಘ ಇರಲಿಲ್ಲ. ರೈತ ಸಂಘವನ್ನು ನೋಡಿ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದ ಮೇಲೆ ಕಟ್ಟಿದ್ದು. ಆಮೇಲೆ ಒಡೆದು ಚೂರಾಗಿರಬಹುದು, ಆದರೆ ಇವತ್ತಿಗೂ ಹಸಿರು ಶಾಲು ಹೊದ್ದವರು ಕಚೇರಿಗೆ ಬಂದರೆ ಅಧಿಕಾರಿ ಕುರ್ಚಿ ಬಿಟ್ಟು ಏಳುತ್ತಾನೆ.

ಇನ್ನು ನಿಮ್ಮ ಕಾಲುವೆ. ವಾಟ್ಸಾಪ್‌ನಲ್ಲಿ ಇನ್ನೊಂದು ಪೋಸ್ಟರ್ ಹಾಕಬೇಡಿ, ಸುಮ್ನೆ ದಂಡ. ನಿಮ್ಮ ಬಡಾವಣೆಯಲ್ಲಿ ಜನ ಈಗಾಗಲೇ ಯಾವುದಕ್ಕೆ ಸೇರುತ್ತಾರೆ ನೋಡಿ. ಗಣೇಶನ ಕಮಿಟಿಯೋ, ಅಣ್ಣಮ್ಮ ದೇವಿಯನ್ನು ಕೂರಿಸುವವರೋ, ಸ್ತ್ರೀಶಕ್ತಿ ಸಂಘವೋ. ನಮ್ಮಲ್ಲಿ ಕೆಲಸ ಮಾಡಿದ್ದು ಚೀಟಿ. ಚೀಟಿ ನಡೆಸುವ ಆಂಟಿಯ ಕಾಲಿಗೆ ಬಿದ್ದೆವು. ಅವರು ಮೆಸೇಜು ಗಿಸೇಜು ಏನೂ ಹಾಕಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ "ನಾನು ಬರ್ತಿದೀನಿ, ನೀನೂ ಬಾ" ಅಂದರು. ಎರಡನೇ ಸಭೆಗೆ ಮೂವತ್ತೇಳು ಜನ. ಅರ್ಧದಷ್ಟು ಜನ ಬಂದದ್ದು ಕಾಲುವೆಗಲ್ಲ, ಆಂಟಿಯ ದಾಕ್ಷಿಣ್ಯಕ್ಕೆ. ಬರಲಿ ಬಿಡಿ. ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದೂ ಹಾಗೆ ಬಂದವರೇ.

ಒಂದು ತಿಂಗಳಿಗೆ ಜೆಸಿಬಿ ಬಂತು. ಹೂಳು ಎತ್ತಿದರು, ಎತ್ತಿದ್ದನ್ನು ದಡದಲ್ಲೇ ಬಿಟ್ಟು ಹೋದರು. ಮಳೆ ಬಂದು ಅರ್ಧ ವಾಪಸ್ ಒಳಕ್ಕೆ ಹೋಯಿತು. ಆ ಅರ್ಧಕ್ಕಾಗಿ ಬರುವ ಹತ್ತನೇ ತಾರೀಕು ಮತ್ತೆ ಸೇರುತ್ತಿದ್ದೇವೆ. ಚೀಟಿ ಕೂಗುವ ದಿನವೂ ಅದೇ.