ಕನ್ನಡಕ್ಕೇ ಒಂದು ಸರ್ಚ್ ಎಂಜಿನ್ ಕಟ್ಟಿದರೆ ಬಿಸಿನೆಸ್ ಆಗುತ್ತಾ?

ಕೊರಿಯಾಕ್ಕೆ ನೇವರ್ ಇದೆ, ರಷ್ಯಾಕ್ಕೆ ಯಾಂಡೆಕ್ಸ್ ಇದೆ, ನಾವಿಬ್ಬರು ಗೆಳೆಯರು ಸೇರಿ ಕನ್ನಡಕ್ಕೆ ಅಂಥದ್ದೊಂದು ಮಾಡಿದರೆ ಹೇಗೆ ಅಂತ ಕೇಳಿದ್ದೀರಿ. ಮಾಡಿ. ಆದರೆ ಇಡೀ ಇಂಟರ್ನೆಟ್ಟನ್ನು ಹುಡುಕುವ ಎಂಜಿನ್ ಬೇಡ. ಒಂದೇ ಕಸುಬು ಹಿಡಿಯಿರಿ, ಅದಕ್ಕೆ ಸಂಬಂಧಪಟ್ಟ ಕನ್ನಡ ಬರಹವನ್ನೆಲ್ಲ ಒಂದು ಕಡೆ ರಾಶಿ ಹಾಕಿ, ಅದರೊಳಗೆ ಚೆನ್ನಾಗಿ ಹುಡುಕಿ ಕೊಡಿ. ದುಡ್ಡಿರುವುದು ಅಲ್ಲಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಶಿವಮೊಗ್ಗದಲ್ಲಿ ರೈತರಿಗಾಗಿ ಮಾಡಿದ ಒಂದು ಸಣ್ಣ ಆ್ಯಪ್‌ನಲ್ಲಿ ಮೂರು ವರ್ಷ ಸರ್ಚ್ ಕೆಲಸ ನೋಡಿಕೊಂಡಿದ್ದೆ. ಬೆಳಗ್ಗೆ ಬಂದ ತಕ್ಷಣ ನಾನು ತೆರೆಯುತ್ತಿದ್ದದ್ದು ಒಂದೇ ಪಟ್ಟಿ, ಹಿಂದಿನ ದಿನ ಹುಡುಕಿ ಏನೂ ಸಿಗದೆ ಹೋದವರ ಪಟ್ಟಿ. ಒಬ್ಬರು ‘ಅಡಿಕೆ’ ಅಂತ ಬರೆದಿರುತ್ತಾರೆ, ಇನ್ನೊಬ್ಬರು ‘ಅಡಕೆ’, ಮತ್ತೊಬ್ಬರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತೋಚಿದ ಹಾಗೆ. ಒಂದು ಜುಲೈನಲ್ಲಿ ಮಳೆ ಬಿಡದೆ ಹೊಡೆಯುತ್ತಿದ್ದಾಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂತು: ‘ಕೊಳೆಗೆ ಯಾವ ಮದ್ದು ಹೊಡೀಬೇಕು’. ಉತ್ತರ ನಮ್ಮ ಹತ್ತಿರವೇ ಇತ್ತು. ಆದರೆ ಆ ಲೇಖನದ ತಲೆಬರಹ ‘ಅಡಿಕೆಯಲ್ಲಿ ಕೊಳೆರೋಗದ ಹತೋಟಿಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಣೆ’. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನುಷ್ಯರಿಗೆ ಎರಡೂ ಒಂದೇ ವಿಷಯ. ಯಂತ್ರಕ್ಕೆ ಎರಡರಲ್ಲೂ ಇರುವ ಪದ ಒಂದೂ ಇಲ್ಲ. ‘ಕೊಳೆಗೆ’ ಬೇರೆ, ‘ಕೊಳೆರೋಗದ’ ಬೇರೆ, ‘ಮದ್ದು’ ಬೇರೆ, ‘ದ್ರಾವಣ’ ಬೇರೆ. ಮಳೆ ಒಂದು ದಿನ ಹೊಳವಾದಾಗ ಔಷಧಿ ಹೊಡೆಯಬೇಕಾದ ಮನುಷ್ಯನಿಗೆ ನಾವು ‘ಫಲಿತಾಂಶ ಇಲ್ಲ’ ಅಂತ ತೋರಿಸಿ ಕಳಿಸಿದ್ದೆವು. ನನಗೆ ಅದು ಇವತ್ತಿಗೂ ಬೇಜಾರು.

ಆಮೇಲೆ ಕೂತು ಸರಿ ಮಾಡಿದೆವು. ಪದದ ಕೊನೆಯ ಪ್ರತ್ಯಯ ಬಿಡಿಸುವುದು ಮೊದಲ ಕೆಲಸ: ಅಡಿಕೆಗೆ, ಅಡಿಕೆಯ, ಅಡಿಕೆಯಲ್ಲಿ, ಅಡಿಕೆಯಿಂದ, ಅಡಿಕೆಗೂ, ಎಲ್ಲವೂ ಅಡಿಕೆಗೇ ಬಂದು ನಿಲ್ಲಬೇಕು. ಸುಲಭ ಅನ್ನಿಸುತ್ತದೆ ಅಲ್ವಾ? ಹುಡುಕುವ ಪದದಲ್ಲಿ ‘ಗೆ’ ಕಂಡಲ್ಲೆಲ್ಲ ಕತ್ತರಿಸುವ ಹಾಗೆ ಬರೆದ ಮಾರನೇ ದಿನವೇ ‘ಮಲ್ಲಿಗೆ’ ಹೋಗಿ ‘ಮಲ್ಲಿ’ ಆಗಿ, ಮಲ್ಲಿಗೆ ಗಿಡದ ಬಗ್ಗೆ ಕೇಳಿದವರಿಗೆಲ್ಲ ಖಾಲಿ ಪುಟ ಹೋಯಿತು. ಸಂಪಿಗೆಗೂ ಅದೇ ಗತಿ. ಎರಡನೇ ಕೆಲಸ ಇನ್ನೂ ನಿಧಾನದ್ದು, ಒಂದೇ ಅರ್ಥದ ಮಾತುಗಳನ್ನು ಜೋಡಿಸುವುದು. ಮದ್ದು, ಔಷಧಿ ಒಂದು ಸಾಲು. ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತ, ಕಾಪರ್ ಸಲ್ಫೇಟ್ ಇನ್ನೊಂದು ಸಾಲು. ಇದನ್ನು ಆಫೀಸಿನಲ್ಲಿ ಕೂತು ಮಾಡಲು ಆಗಲಿಲ್ಲ, ಬೆಳೆಗೆ ಹೊಡೆಯುವ ಔಷಧಿ ಮಾರುವ ಅಂಗಡಿಯಲ್ಲಿ ನಿಂತು ಜನ ಏನಂತ ಕೇಳುತ್ತಾರೆ ಅಂತ ಬರೆದುಕೊಂಡು ಬಂದೆವು.

ಯಾಂಡೆಕ್ಸ್ ಗೆದ್ದದ್ದೂ ಇಂಥ ಕೆಲಸದಿಂದಲೇ. ರಷ್ಯನ್ ಭಾಷೆಯಲ್ಲೂ ಪದದ ಬಾಲ ಬದಲಾಗುತ್ತಲೇ ಇರುತ್ತದೆ. ಅವರು ವೆಬ್ ಸರ್ಚ್ ಬಿಟ್ಟದ್ದು 1997ರಲ್ಲಿ. ಅದಕ್ಕೂ ಮುಂಚೆ ಪೇಟೆಂಟ್ ವರ್ಗೀಕರಣದ ಪಟ್ಟಿಯಲ್ಲಿ, ಬೈಬಲ್‌ನಲ್ಲಿ ಹುಡುಕುವ ಸಾಫ್ಟ್‌ವೇರ್ ಮಾಡಿ ಕೈ ಪಳಗಿಸಿಕೊಂಡಿದ್ದರು. ಅಂದರೆ ಮೊದಲು ಸಣ್ಣ ರಾಶಿ, ಆಮೇಲೆ ದೊಡ್ಡದು.

ನೇವರ್ ಕಥೆ ನಮಗೆ ಇನ್ನೂ ಹತ್ತಿರ. 1999ರಲ್ಲಿ ಅದು ಶುರುವಾದಾಗ ಕೊರಿಯನ್‌ನಲ್ಲಿ ಹುಡುಕಿ ಕೊಡುವಷ್ಟು ಪುಟಗಳೇ ಕಡಿಮೆ. 2002ರಲ್ಲಿ ಅವರು ಜನರೇ ಪ್ರಶ್ನೆ ಕೇಳಿ ಜನರೇ ಉತ್ತರ ಬರೆಯುವ ಜಾಗ ಮಾಡಿಕೊಟ್ಟರು. ಜನ ಬರೆದರು, ನೇವರ್ ಅದರೊಳಗೆ ಹುಡುಕಿ ಕೊಟ್ಟಿತು. ನಮ್ಮಲ್ಲಿ ಬರಹ ಇಲ್ಲ ಅಂತಲ್ಲ, ಇರುವುದು ಬೀಗ ಹಾಕಿದ ಹಾಗಿದೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ನೋಡಿ. ಕಣ್ಣಿಗೆ ಕಂಡದ್ದು ಕನ್ನಡ, ಪೇಸ್ಟ್ ಆಗುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ ತಂದರೆ ಸಾಕು, ಬೇರೆ ಎಲ್ಲೂ ಸಿಗದ ರಾಶಿ ನಿಮ್ಮ ಕೈಯಲ್ಲಿರುತ್ತದೆ.

ಇಡೀ ವೆಬ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. 2006ರಲ್ಲಿ ಬೆಂಗಳೂರಿನಿಂದಲೇ ಗುರೂಜಿ ಡಾಟ್ ಕಾಮ್ ಅಂತ ಭಾರತದ ಸರ್ಚ್ ಎಂಜಿನ್ ಬಂದಿತ್ತು, ಒಳ್ಳೆ ಬಂಡವಾಳವೂ ಸಿಕ್ಕಿತ್ತು, ಕೆಲವೇ ವರ್ಷದಲ್ಲಿ ನಿಂತಿತು. ಆಗ ಎಷ್ಟೋ ಫೋನ್‌ಗಳಲ್ಲಿ ಕನ್ನಡ ಅಕ್ಷರ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಈಗ ಆ ತೊಂದರೆ ಇಲ್ಲ. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವುದನ್ನೂ ತಂದಿತು. ಆದರೆ ಫೋನ್ ಕೊಂಡಾಗಲೇ ಒಳಗೆ ಯಾವ ಸರ್ಚ್ ಕೂತಿರುತ್ತದೋ ಅದನ್ನೇ ಜನ ಬಳಸುತ್ತಾರೆ. ಆ ಜಾಗಕ್ಕಾಗಿ ಗೂಗಲ್ 2022ರಲ್ಲಿ ಆ್ಯಪಲ್ ಒಂದಕ್ಕೇ 2000 ಕೋಟಿ ಡಾಲರ್ ಕೊಟ್ಟಿದೆ. ಆ ಆಟ ನಿಮ್ಮಿಬ್ಬರಿಗೆ ಬೇಡ.

ಇನ್ನು ದುಡ್ಡಿನ ವಿಷಯ. ಜಾಹೀರಾತು ನಂಬಿ ಕೂರಬೇಡಿ, ನಮಗೆ ಅದರಿಂದ ಸರ್ವರ್ ಖರ್ಚೂ ಹುಟ್ಟಲಿಲ್ಲ. ನಮಗೆ ತಿಂಗಳು ತಿಂಗಳು ಹಣ ಕೊಟ್ಟವರು ಔಷಧಿ ಅಂಗಡಿಯವರು. ಯಾರು ಕೇಳಿದರು ಅನ್ನುವುದನ್ನು ನಾವು ಯಾರಿಗೂ ಕೊಡುತ್ತಿರಲಿಲ್ಲ, ನೀವೂ ಕೊಡಬೇಡಿ. ಈ ವಾರ ಯಾವ ತಾಲೂಕಿನಲ್ಲಿ ಏನನ್ನು ಜಾಸ್ತಿ ಹುಡುಕಿದ್ದಾರೆ ಅನ್ನುವ ಲೆಕ್ಕ ಮಾತ್ರ ಕೊಡುತ್ತಿದ್ದೆವು. ತೀರ್ಥಹಳ್ಳಿ ಕಡೆಯಿಂದ ಕೊಳೆಯ ಪ್ರಶ್ನೆ ಏರುತ್ತಿದೆ ಅಂತ ಗೊತ್ತಾದರೆ ಅಲ್ಲಿಯ ಅಂಗಡಿಯವರು ಮೈಲುತುತ್ತ ತರಿಸಿ ಇಟ್ಟುಕೊಳ್ಳುತ್ತಿದ್ದರು. ರೈತರೂ ಅಂಗಡಿಯಿಂದ ಅಂಗಡಿಗೆ ಅಲೆಯುವುದು ತಪ್ಪಿತು.

ನೀವು ಯಾವ ಕಡೆಯವರು ಅಂತ ಬರೆದಿಲ್ಲ. ರಾಮನಗರದ ಕಡೆಯವರಾದರೆ ರೇಷ್ಮೆ ಇದೆ. ಎಲ್ಲಿಯವರಾದರೂ ಪಹಣಿ, ಪೋಡಿ, ಖಾತೆ ಬದಲಾವಣೆ ಇದ್ದೇ ಇದೆ, ಅದರ ನಿಯಮವೆಲ್ಲ ಕಚೇರಿಯ ಕನ್ನಡದಲ್ಲಿ, ಜನರ ಪ್ರಶ್ನೆ ಮನೆಯ ಕನ್ನಡದಲ್ಲಿ. ಕೋಡ್ ಬರೆಯುವ ಮುಂಚೆ ಆ ಕಸುಬಿನವರ ಬಾಯಿಂದ ಬಂದ ಪ್ರಶ್ನೆ ಐನೂರು ಕೂಡಿಸಿ, ಹೇಳಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಪ್ರತ್ಯಯ ಬಿಡಿಸುವಾಗ ಮಲ್ಲಿಗೆಯಂಥ ಪದಗಳನ್ನು ಹೇಗೆ ಉಳಿಸಿಕೊಂಡೆವು ಅನ್ನುವುದು ಬೇಕಿದ್ದರೆ ಕೆಳಗೆ ಕೇಳಿ, ವಿವರವಾಗಿ ಬರೆಯುತ್ತೇನೆ.