ಟೆಕ್ಸಾಸ್‌ನ ಟೆರ್ಲಿಂಗ್ವಾಕ್ಕೆ ಪುರಸಭೆಯೇ ಇಲ್ಲವಂತೆ, ಹಾಗಾದರೆ ಅದು ಊರು ಹೇಗಾಯಿತು?

ಪಾದರಸದಿಂದ. ಇದು ಮೆಕ್ಸಿಕೊ ಗಡಿಯ ರಿಯೊ ಗ್ರಾಂಡೆ ನದಿಗೆ ಹತ್ತಿರ, ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲೇ ಇರುವ ಮರುಭೂಮಿ. ಇಲ್ಲಿನ ಕಲ್ಲಿನಲ್ಲಿ ಇಂಗಳೀಕ ಅನ್ನೋ ಕೆಂಪು ಅದಿರು ಸಿಕ್ಕಿತು. ಅದನ್ನು ಕುಲುಮೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಮೇಲೇಳುತ್ತದೆ, ಆ ಆವಿಯನ್ನು ತಣ್ಣಗೆ ಮಾಡಿದರೆ ಬೆಳ್ಳಿಯ ಹಾಗೆ ಹೊಳೆಯುವ ದ್ರವ ಕೈಗೆ ಸಿಗುತ್ತದೆ, ಆದರೆ ಆ ಹೊಗೆ ವಿಷ.

ಹವರ್ಡ್ ಪೆರ್ರಿ 1903ರಲ್ಲಿ ಚಿಸೋಸ್ ಮೈನಿಂಗ್ ಕಂಪನಿ ಶುರು ಮಾಡಿದರು. ದುಡಿದವರಲ್ಲಿ ಜಾಸ್ತಿ ಜನ ಮೆಕ್ಸಿಕೊ ಮೂಲದವರು. ಮೊದಲ ಮಹಾಯುದ್ಧದಲ್ಲಿ ಸಿಡಿಗುಂಡುಗಳಿಗೆ ಪಾದರಸ ಬೇಕಾಯಿತು, ಊರು ಬೆಳೆಯಿತು. 1942ರಲ್ಲಿ ಕಂಪನಿ ದಿವಾಳಿಯಾಯಿತು, ಜನ ಗುಳೆ ಎದ್ದರು. ಚಾವಣಿ ಇಲ್ಲದ ಕಲ್ಲುಮನೆಗಳು, ಕಾರ್ಮಿಕರ ಸ್ಮಶಾನ ಈಗಲೂ ಇವೆ. ನನ್ನ ಪ್ರಕಾರ ಊರಿನ ನಿಜವಾದ ಇತಿಹಾಸ ಇರೋದು ಆ ಸ್ಮಶಾನದಲ್ಲೇ, ಮಾಲೀಕರ ಬಂಗಲೆಯಲ್ಲಲ್ಲ.

1967ರಲ್ಲಿ ಶುರುವಾದ ಚಿಲಿ ಅಡುಗೆ ಸ್ಪರ್ಧೆಯಿಂದ (ಮಾಂಸ, ಒಣಮೆಣಸಿನಕಾಯಿಯ ಗಟ್ಟಿ ಸಾರು) ಊರಿನ ಹೆಸರು ಮತ್ತೆ ಕೇಳಿಬಂತು. ಪ್ರವಾಸಿಗರು ಬಂದರು, ಕೆಲವರು ಅಲ್ಲೇ ನೆಲೆನಿಂತರು.

ಇನ್ನು ಆಡಳಿತ. ಮೇಯರ್ ಇಲ್ಲ, ನಗರಸಭೆ ಇಲ್ಲ. ರಸ್ತೆ, ಪೊಲೀಸು ಎಲ್ಲಾ ಬ್ರೂಸ್ಟರ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮತ್ತು ರಾಜ್ಯದ ಕೈಯಲ್ಲಿವೆ. ಕೌಂಟಿಯ ಕಚೇರಿ ಇರುವ ಆಲ್ಪೈನ್ ಸುಮಾರು 130 ಕಿ.ಮೀ. ದೂರ.